ಕಡಲ ಕಯಾಕ್ ಮತ್ತು ಎರಡನೆಯ ಹುಟ್ಟು

ಗ್ರೀನ್‌ಲೆಂಡಿನ ಇನುಯಿಟ್ ಜನರು ಸೀಲ್ ಎಂಬ ಕಡಲಪ್ರಾಣಿಯ ಬೇಟೆಗೆ ಕಟ್ಟಿಕೊಂಡ, ಒಬ್ಬನೇ ಕೂರುವ ದೋಣಿಗೆ ಕಯಾಕ್ ಎಂದು ಹೆಸರು. ಮರದ ಹಂದರಕ್ಕೆ ಸೀಲ್ ತೊಗಲನ್ನು ಬಿಗಿದು, ಕೂರುವ ಕಂಡಿಯೊಂದನ್ನು ಬಿಟ್ಟು ಮೇಲ್ಭಾಗವನ್ನೆಲ್ಲ ಮುಚ್ಚುತ್ತಿದ್ದರು. ದರ್ಜಿಯು ಅಂಗಿಗೆ ಅಳತೆ ತೆಗೆಯುವಂತೆ, ದೋಣಿಗೆ ಸವಾರನ ಮೈಯಳತೆಯನ್ನೇ ಹಿಡಿಯುತ್ತಿದ್ದರು.

ಇಂದಿನ ಕಯಾಕ್ ಬಹುಮಟ್ಟಿಗೆ ಫೈಬರ್ ಗ್ಲಾಸಿನದು ಅಥವಾ ಪ್ಲಾಸ್ಟಿಕ್ಕಿನದು. ಕ್ರಮ ಮಾತ್ರ ಹಳೆಯದೇ. ಪಾದಕ್ಕೆ ಆನಿಕೆ, ತೊಡೆಗೆ ತಡೆ, ಸೊಂಟದ ಎರಡೂ ಬದಿಗೆ ಮೆತ್ತೆ ಸರಿಯಾಗಿದ್ದರೆ ದೋಣಿ ಮೈಯ ಮಾತು ಕೇಳುತ್ತದೆ. ಮಗುಚಿದರೂ ಅಭ್ಯಾಸವುಳ್ಳವನು ಕುಳಿತಂತೆಯೇ ಹುಟ್ಟು ಬೀಸಿ ಮೇಲೇಳುತ್ತಾನೆ. ಆದರೆ ಬಿಗಿಯು ಸೆರೆಯಾಗಬಾರದು. ಕಂಡಿಗೆ ಹೊದಿಸುವ ಬಟ್ಟೆಯ ಕುಣಿಕೆ ಸದಾ ಹೊರಗಿರಬೇಕು, ಎಳೆದೊಡನೆ ಬಿಚ್ಚಿಕೊಳ್ಳಬೇಕು.

ಹುಟ್ಟು ಮುರಿದರೆ ಅಥವಾ ಅಲೆಯ ಪಾಲಾದರೆ ಗತಿಯೇನು? ಗಾಳಿ ನೂಕಿದತ್ತ ಪಯಣ! ಆದ್ದರಿಂದ ಎರಡನೆಯ ಹುಟ್ಟು ಬೇಕೇ ಬೇಕು. ಸುಮಾರು 220 ಸೆಂಟಿಮೀಟರ್ ಉದ್ದದ ಹುಟ್ಟನ್ನು ಹಾಗೆಯೇ ಒಯ್ಯುವುದು ತೊಡಕು. ಎರಡು ತುಂಡಾಗಿ ಬಿಚ್ಚುವಂಥದು ಮೇಲು. ಅದನ್ನು ಸಾಮಾನಿನ ಗೂಡಿನೊಳಗೆ ಇಡಬಾರದೆಂಬುದನ್ನು ವಾಚಕರು ಗಮನಿಸಬೇಕು. ಅಲೆಗಳ ನಡುವೆ ಗೂಡಿನ ಮುಚ್ಚಳ ತೆಗೆದರೆ ನೀರನ್ನು ಒಳಗೆ ಕರೆದಂತೆಯೇ. ದೋಣಿಯ ಮೇಲೆ, ಬಿಗಿಹುರಿಯ ಅಡಿಯಲ್ಲಿ, ಕೈಗೆಟಕುವಲ್ಲಿ ಅದರ ಸ್ಥಾನ.

ಹಿಮದ ನೀರಿನಲ್ಲಿ ಕೆಲವೇ ನಿಮಿಷಗಳಲ್ಲಿ ಬೆರಳು ಮರಗಟ್ಟುತ್ತವೆ. ಆಗ ಗಂಟು ಬಿಚ್ಚುತ್ತ ಕೂರಲಾಗದು. ದಡದ ಬಳಿಯೇ, ಕಣ್ಣು ಮುಚ್ಚಿ, ಹುಟ್ಟನ್ನು ಎಳೆದು ಜೋಡಿಸುವುದನ್ನು ಹತ್ತಾರು ಸಲ ಕಲಿಯಬೇಕು. ಹುಟ್ಟು ದೋಣಿಯಲ್ಲಿದ್ದರೆ ಸಾಲದು. ಬೇಕಾದ ಗಳಿಗೆಗೆ ಕೈಗೆ ಬರಬೇಕು.