ಈ ಕೈಯಲ್ಲಿ ಕೋಲು ಹಿಡಿಯಬಹುದೇ?

ನನಗೆ 46 ವರ್ಷ. ಶಿಡ್ಲಘಟ್ಟದ ಹತ್ತಿರ ಹಳ್ಳಿ, ರೇಷ್ಮೆ ಸಾಕುತ್ತೇವೆ. ಕಳೆದ ವರ್ಷ ಬೆಂಗಳೂರಿನಲ್ಲಿ ಎಡ ಸ್ತನ ತೆಗೆದರು. ಕೀಮೋ, ರೇಡಿಯೇಷನ್ ಎಲ್ಲ ಮುಗಿದಿದೆ. ಊರಿನ ಹೆಂಗಸರು ಸಂಜೆ ಹೊತ್ತು ಕೋಲಾಟ ಕಲಿಯುತ್ತಿದ್ದಾರೆ, ನನ್ನನ್ನೂ ಕರೆದರು. ಆಸೆಯಿದೆ, ಆದರೆ ಕೈ ಊದಿಕೊಂಡರೆ ಎಂಬ ಭಯ. 'ಸಾವಿನ ಬಾಯಿಂದ ಬಂದವಳಿಗೆ ಕುಣಿತ ಬೇರೆ ಕೇಡು' ಎನ್ನುತ್ತಾರೆ ಅತ್ತೆ. ಹೋಗಲೇ, ಬಿಡಲೇ?
– ಹೆಸರು ಬೇಡ

ಇಷ್ಟೆಲ್ಲ ಅನುಭವಿಸಿದ ಮೇಲೂ ಕುಣಿಯುವ ಆಸೆ ನಿಮ್ಮಲ್ಲಿ ಉಳಿದಿದೆಯಲ್ಲ, ಓದಿ ಸಂತೋಷವಾಯಿತು. ಅದಕ್ಕಾಗಿ ನೀವು ನಾಚಬೇಕಿಲ್ಲ. ವರ್ಷವಿಡೀ ನಿಮ್ಮ ಮೈ ಬೇರೆಯವರ ಕೈಯಲ್ಲಿತ್ತು. ಈಗ ಕನ್ನಡಿ ಮುಂದೆ ನಿಲ್ಲಲು ಹಿಂಜರಿಕೆ, ಸೆರಗನ್ನು ಮತ್ತೆ ಮತ್ತೆ ಎಳೆದುಕೊಳ್ಳುವ ಅಭ್ಯಾಸ, ಮದುವೆಗೆ ಕರೆದರೆ ಏನೋ ನೆಪ. ಗೌರಿಬಿದನೂರು, ಚಿಂತಾಮಣಿ, ಚಿಕ್ಕಬಳ್ಳಾಪುರದ ಕಡೆಯೂ ಈ ಸಂಕಟವನ್ನು ಒಳಗೇ ನುಂಗಿಕೊಂಡವರು ಇದನ್ನು ಓದುತ್ತಿರಬಹುದು. ನಿಮ್ಮ ಮೈ ಮತ್ತೆ ನಿಮ್ಮದಾಗಲು ಬಯಸುತ್ತಿದೆ. ಕೋಲಾಟದ ಆಸೆಯನ್ನು ನಾನು ಹಾಗೆಯೇ ನೋಡುತ್ತೇನೆ.

ಹೈದರಾಬಾದಿನ ನೃತ್ಯಗಾತಿ ಆನಂದಾ ಶಂಕರ್ ಜಯಂತ್ ಅವರಿಗೆ 2008ರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಚಿಕಿತ್ಸೆಯ ನಡುವೆಯೂ ಅವರು ನೃತ್ಯ ಬಿಡಲಿಲ್ಲ. ಮರುವರ್ಷ ನಮ್ಮ ಮೈಸೂರಿನಲ್ಲೇ ವೇದಿಕೆಯೇರಿ ಆ ಕಥೆ ಹೇಳಿದರು, ಕುಣಿದೂ ತೋರಿಸಿದರು. 'ಅವರು ಕಲಿತವರು, ನಾನು ಹಳ್ಳಿಯವಳು' ಅನ್ನಬೇಡಿ. ಕೋಲಾಟಕ್ಕೆ ಊರ ಅಂಗಳ ಸಾಕು.

ಇನ್ನು ಕೈಯ ಭಯ. ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಾಗ ಆ ಕೈಯಿಂದ ದ್ರವ ಹರಿದುಹೋಗುವ ದಾರಿ ಕಿರಿದಾಗುತ್ತದೆ, ಊತ ಬರುವುದು ಅದರಿಂದ. ಹಾಗಾಗಿ ಆ ಕೈಗೆ ಶ್ರಮವೇ ಬೇಡ ಎಂದು ಹಿಂದೆಲ್ಲ ಹೇಳುತ್ತಿದ್ದರು. ಅದು ನಿಜವೇ ಎಂದು ನೋಡಲು 1996ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಡಾನ್ ಮೆಕೆಂಜಿ ಎಂಬ ವೈದ್ಯರು ಸ್ತನ ಕ್ಯಾನ್ಸರ್‌ನಿಂದ ಗುಣವಾದ 24 ಮಹಿಳೆಯರಿಗೆ ತರಬೇತಿ ಕೊಟ್ಟು, ದೋಣಿಯಲ್ಲಿ ಕೂರಿಸಿ ಹುಟ್ಟು ಹಾಕಿಸಿದರು. ಒಬ್ಬರಿಗೂ ಹೊಸದಾಗಿ ಕೈ ಊದಲಿಲ್ಲ. ಈಗ ವೈದ್ಯರು ಹದವರಿತು ಆಡಿಸಿ ಎನ್ನುತ್ತಾರೆ. ಆಡಿಸದೆ ಬಿಟ್ಟರೆ ಭುಜ ಬಿಗಿದು, ರೇಷ್ಮೆಹುಳುವಿನ ಚಂದ್ರಿಕೆ ಎತ್ತಿಡಲೂ ಕೈ ಮೇಲೇಳದು.

ಹಾಗೆಂದು ನಾಳೆಯೇ ಕೋಲು ಹಿಡಿಯಬೇಡಿ. ಗಾಯ ಪೂರ್ತಿ ಮಾಗಿದೆಯೇ ಎಂದು ವೈದ್ಯರನ್ನು ಕೇಳಿ, ಫಿಸಿಯೋಥೆರಪಿಸ್ಟ್ ಹತ್ತಿರ ಭುಜದ ವ್ಯಾಯಾಮ ಕಲಿಯಿರಿ. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸುವುದು ಅದರಲ್ಲೊಂದು. ಎಳೆತ ಅನಿಸಿದಲ್ಲಿ ನಿಲ್ಲಿಸಿ, ಉಸಿರು ಬಿಟ್ಟು ಇಳಿಸಿ. ಕೋಲಾಟದಲ್ಲೂ ಮೊದಲ ಕೆಲವು ವಾರ ಸೊಂಟದ ಮಟ್ಟದಲ್ಲೇ ಕೋಲು ತಾಗಿಸಿ, ತಲೆಯ ಮೇಲಿನ ಪೆಟ್ಟು ಆಮೇಲೆ ನೋಡೋಣ. ಎಡಗೈ ಕೋಲಿಗೆ ಮೆತ್ತಗೆ ಹೊಡೆಯಲು ಜೊತೆಗಾತಿಗೆ ಹೇಳಿ. ದಣಿದರೆ ಕೂತು ತಾಳ ಹಾಕಿ. ಎದೆಯ ಒಂದು ಬದಿ ಖಾಲಿ ಕಾಣುವ ಅಳುಕಿದ್ದರೆ ಹತ್ತಿ ತುಂಬಿದ ಹಗುರ ಮೆತ್ತೆಯನ್ನು ಒಳಉಡುಪಿನೊಳಗೆ ಹೊಲಿದುಕೊಳ್ಳಬಹುದು.

ಸೊಪ್ಪು ಕೊಯ್ಯುವಾಗ ಎಡಗೈಗೆ ಗ್ಲೌಸ್ ಹಾಕಿ. ಕೈ ಭಾರವೆನಿಸಿದರೆ, ಬಳೆ ಬಿಗಿಯಾದರೆ, ಚರ್ಮ ಕೆಂಪಾಗಿ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಕೋಲಾಟ ಔಷಧಿಯ ಜಾಗಕ್ಕೆ ಬರುವುದಿಲ್ಲ. ವೈದ್ಯರು ಕೊಟ್ಟ ಮಾತ್ರೆ, ಹೇಳಿದ ತಪಾಸಣೆ ಒಂದನ್ನೂ ತಪ್ಪಿಸಬೇಡಿ. ಎರಡು ವಾರವಾದರೂ ನಿದ್ದೆ ಹತ್ತದೆ, ಊಟ ಸೇರದೆ, ಸುಮ್ಮಸುಮ್ಮನೆ ಅಳು ಬರುತ್ತಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಅತ್ತೆಯವರ ಮಾತು ಚುಚ್ಚಿದೆ, ನಿಜ. ಅದರ ಹಿಂದೆ ನಿಮ್ಮನ್ನು ಇನ್ನೊಮ್ಮೆ ಕಳೆದುಕೊಳ್ಳುವ ಹೆದರಿಕೆ ಇದ್ದೀತು. ಜಗಳಕ್ಕೆ ಹೋಗಬೇಡಿ, ಆಸೆಯನ್ನು ಬಿಟ್ಟುಕೊಡಲೂ ಬೇಡಿ. ಮುಂದಿನ ತಪಾಸಣೆಗೆ ಅವರನ್ನೂ ಕರೆದುಕೊಂಡು ಹೋಗಿ, 'ನಾನು ಕೋಲಾಟ ಆಡಬಹುದಾ ಡಾಕ್ಟರೇ?' ಎಂದು ಅವರೆದುರೇ ಕೇಳಿ.