ಕ್ಯಾಮರೂನಿನ ರೋಜರ್ ಮಿಲ್ಲಾ

ಕಾಲ್ಚೆಂಡಾಟವು ಯುವಕರ ಆಟವೆಂಬುದು ಎಲ್ಲರೂ ಒಪ್ಪಿದ ಮಾತು. 90 ನಿಮಿಷಗಳ ಕಾಲ ಓಡಬೇಕು, ಥಟ್ಟನೆ ನಿಲ್ಲಬೇಕು, ನಿಂತಲ್ಲಿಂದಲೇ ಮತ್ತೆ ಚಿಮ್ಮಬೇಕು. ಎದುರಾಳಿಯ ಭುಜದ ಪೆಟ್ಟನ್ನು ತಾಳಿಕೊಳ್ಳಬೇಕು. ಅದರಲ್ಲೂ ಗೋಲು ಹೊಡೆಯುವುದೇ ಕೆಲಸವಾದ ಮುಂಪಡೆಯ ಆಟಗಾರನ ಆಯುಷ್ಯ ಇನ್ನೂ ಕಿರಿದು. 30 ದಾಟಿದೊಡನೆ ಕಾಲುಗಳ ವೇಗ ಕುಂದತೊಡಗುತ್ತದೆ. 35ರ ಹೊತ್ತಿಗೆ ಬಹುಮಂದಿ ಮೈದಾನಕ್ಕೆ ಬೆನ್ನು ಹಾಕಿರುತ್ತಾರೆ. ಆದರೆ 1990ರಲ್ಲಿ ಇಟಲಿಯಲ್ಲಿ ನಡೆದ ವಿಶ್ವಕಪ್ ಪಂದ್ಯಾವಳಿಯಲ್ಲಿ ಜಗತ್ತಿನ ಕಣ್ಣನ್ನು ತನ್ನತ್ತ ಸೆಳೆದವನು 38 ವರ್ಷ ವಯಸ್ಸಿನ, ಆಗಲೇ ಅಂತರರಾಷ್ಟ್ರೀಯ ಆಟದಿಂದ ನಿವೃತ್ತನಾಗಿದ್ದ ಒಬ್ಬ ಆಫ್ರಿಕನ್ ಆಟಗಾರ. ಅವನೇ ರೋಜರ್ ಮಿಲ್ಲಾ.

ಮಿಲ್ಲಾ ಹುಟ್ಟಿದ್ದು 1952ರ ಮೇ 20ರಂದು, ಕ್ಯಾಮರೂನಿನ ಯಾವುಂಡೆ ನಗರದಲ್ಲಿ. ಆಗ ಆ ನಾಡು ಫ್ರೆಂಚರ ಆಡಳಿತದಲ್ಲಿತ್ತು. ಅದು ಸ್ವತಂತ್ರವಾದದ್ದು 1960ರ ಜನವರಿ 1ರಂದು, ಮಿಲ್ಲಾ 7 ವರ್ಷದ ಬಾಲಕನಾಗಿದ್ದಾಗ. ತಂದೆಗೆ ರೈಲ್ವೆಯಲ್ಲಿ ಉದ್ಯೋಗ. ವರ್ಗವಾದಾಗಲೆಲ್ಲ ಮನೆಮಂದಿ ಗಂಟುಮೂಟೆ ಕಟ್ಟಿ ಊರಿಂದೂರಿಗೆ ಸಾಗಬೇಕಾಗಿತ್ತು. ಕೊನೆಗೆ ಅವರು ನೆಲೆನಿಂತದ್ದು ಬಂದರುಪಟ್ಟಣವಾದ ಡುವಾಲಾದಲ್ಲಿ. 13ರ ವಯಸ್ಸಿನಲ್ಲಿಯೇ ಹುಡುಗನು ಅಲ್ಲಿನ ಒಂದು ಕ್ಲಬ್ಬಿನ ಆಟಗಾರನಾದನು. ಮುಂದೆ ಯಾವುಂಡೆಯ ತೊನ್ನೇರ್ ತಂಡವನ್ನು ಸೇರಿ, 1975ರಲ್ಲಿ ಆಫ್ರಿಕದ ಕಪ್ ವಿಜೇತರ ಪಂದ್ಯಾವಳಿಯಲ್ಲಿ ಆ ತಂಡವು ಗೆಲ್ಲಲು ನೆರವಾದನು. ಮರುವರ್ಷವೇ ಆಫ್ರಿಕದ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಅವನನ್ನು ಅರಸಿ ಬಂತು.

1977ರಲ್ಲಿ ಮಿಲ್ಲಾ ಫ್ರಾನ್ಸಿಗೆ ಹೋದನು. ಅಲ್ಲಿ ಕಳೆದ 12 ವರ್ಷಗಳಲ್ಲಿ ಅವನು ಆಡಿದ ಕ್ಲಬ್ಬುಗಳು ಐದು: ವಲಾನ್ಸಿಯೆನ್, ಮೊನಾಕೊ, ಬಾಸ್ಟಿಯಾ, ಸೇಂತ್ ಎತಿಯೆನ್, ಮೋಂಪೆಲಿಯೆ. 1981ರ ಫ್ರೆಂಚ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಬಾಸ್ಟಿಯಾ ತಂಡವು ಪ್ಲಾಟಿನಿಯಂಥ ಆಟಗಾರನಿದ್ದ ಸೇಂತ್ ಎತಿಯೆನ್ ತಂಡವನ್ನು 2-1ರಿಂದ ಸೋಲಿಸಿದಾಗ ಒಂದು ಗೋಲು ಮಿಲ್ಲಾನದಾಗಿತ್ತು. ಒಳ್ಳೆಯ ಆಟಗಾರನೆಂಬ ಹೆಸರು ಅವನಿಗೆ ಅಲ್ಲಿ ದೊರಕಿತೇ ಹೊರತು, ಜಗತ್ಪ್ರಸಿದ್ಧಿ ದೊರಕಲಿಲ್ಲ.

1982ರ ವಿಶ್ವಕಪ್ ಅವನಿಗೆ ಒಂದು ಕಹಿ ನೆನಪು. ಕ್ಯಾಮರೂನ್ ಮೊದಲ ಬಾರಿಗೆ ಆ ಪಂದ್ಯಾವಳಿಗೆ ಬಂದಿತ್ತು. ಪೆರು, ಪೋಲೆಂಡ್, ಇಟಲಿ ಈ ಮೂರೂ ತಂಡಗಳೊಡನೆ ಸಮಸಮವಾಗಿ ಆಡಿತು, ಯಾರಿಗೂ ಸೋಲಲಿಲ್ಲ. ಪೆರುವಿನ ವಿರುದ್ಧ ಮಿಲ್ಲಾ ಚೆಂಡನ್ನು ಬಲೆಗೆ ಸೇರಿಸಿದನಾದರೂ ಅದನ್ನು ಆಫ್‌ಸೈಡ್ ಎಂದು ತಳ್ಳಿಹಾಕಲಾಯಿತು. ಇಟಲಿ ಮತ್ತು ಕ್ಯಾಮರೂನ್ ಗಳಿಸಿದ ಅಂಕಗಳು ಒಂದೇ. ಇಟಲಿ ಹೊಡೆದದ್ದು 2 ಗೋಲು, ಕ್ಯಾಮರೂನ್ ಹೊಡೆದದ್ದು 1. ಅಷ್ಟರಿಂದಲೇ ಇಟಲಿ ಮುಂದಕ್ಕೆ ಹೋಯಿತು. ಕೊನೆಗೆ ಕಪ್ಪನ್ನೂ ಗೆದ್ದಿತು. ಪೆರುವಿನ ವಿರುದ್ಧದ ಆ ಗೋಲು ನಿಂತಿದ್ದರೆ! ಎಂದು ಕ್ಯಾಮರೂನಿನ ಜನ ಹಲುಬಿದ್ದರಲ್ಲಿ ಆಶ್ಚರ್ಯವಿಲ್ಲ.

ಅನಂತರ 1984 ಮತ್ತು 1988ರಲ್ಲಿ ಕ್ಯಾಮರೂನ್ ಆಫ್ರಿಕದ ರಾಷ್ಟ್ರಗಳ ಕಪ್ಪನ್ನು ಗೆದ್ದಿತು. ಇನ್ನು ಸಾಕೆಂದು ಮಿಲ್ಲಾ ರಾಷ್ಟ್ರತಂಡಕ್ಕೆ ವಿದಾಯ ಹೇಳಿ, ಹಿಂದೂ ಮಹಾಸಾಗರದ ನಡುವಿನ ರಿಯೂನಿಯನ್ ಎಂಬ ಪುಟ್ಟ ದ್ವೀಪಕ್ಕೆ ಹೋದನು. ಅಲ್ಲಿನ ಸಣ್ಣ ಕ್ಲಬ್ಬೊಂದರಲ್ಲಿ ಆಡುತ್ತ, ಸಂಜೆಯ ಬಿಸಿಲಿನಂಥ ನೆಮ್ಮದಿಯ ದಿನಗಳನ್ನು ಕಳೆಯುತ್ತಿದ್ದನು. 1990ರಲ್ಲಿ ಅಲ್ಲಿಗೊಂದು ದೂರವಾಣಿ ಕರೆ ಬಂತು. ಮಾತನಾಡಿದವರು ಕ್ಯಾಮರೂನಿನ ಅಧ್ಯಕ್ಷ ಪೌಲ್ ಬಿಯಾ. ರಾಷ್ಟ್ರತಂಡಕ್ಕೆ ಹಿಂದಿರುಗಬೇಕೆಂಬುದು ಅವರ ಕೋರಿಕೆ. ತಂಡದ ಆಯ್ಕೆಯಲ್ಲಿ ರಾಷ್ಟ್ರಾಧ್ಯಕ್ಷರು ಕೈಹಾಕುವುದು ಸರಿಯೇ ಎಂಬ ಪ್ರಶ್ನೆ ಸಹಜವಾದದ್ದೇ. ಈ ಮುದುಕನಿಗಾಗಿ ಒಬ್ಬ ತರುಣನು ಮನೆಯಲ್ಲಿ ಉಳಿಯಬೇಕಾಯಿತಲ್ಲ! ಅದಕ್ಕೆ ಉತ್ತರವನ್ನು ಮಿಲ್ಲಾ ಮೈದಾನದಲ್ಲಿಯೇ ಹೇಳಬೇಕಾಗಿತ್ತು.

ತಂಡದ ತರಬೇತುದಾರ ರಷ್ಯಾದ ವಲೇರಿ ನೆಪೊಮ್ನ್ಯಾಶ್ಚಿ. ಮಿಲ್ಲಾನ ಶಕ್ತಿಯನ್ನೂ ಮಿತಿಯನ್ನೂ ಆತನು ಚೆನ್ನಾಗಿ ಅಳೆದಿದ್ದನು. 38ರ ದೇಹ ಇಡೀ ಪಂದ್ಯವನ್ನು ಓಡಲಾರದು. ಆದರೆ ಎದುರಾಳಿಗಳು ದಣಿದ ಮೇಲೆ ಅರ್ಧ ಗಂಟೆ ಆಡಬಲ್ಲದು. ಆದ್ದರಿಂದ ಮಿಲ್ಲಾ ಪ್ರತಿ ಪಂದ್ಯದಲ್ಲಿಯೂ ಬದಲಿ ಆಟಗಾರನಾಗಿಯೇ ಇಳಿದನು. ಎಳೆಯರು ಚೆಂಡಿನ ಹಿಂದೆ ಓಡುತ್ತಾರೆ. ಮಿಲ್ಲಾ ಚೆಂಡು ಎಲ್ಲಿಗೆ ಬರುವುದೆಂದು ಊಹಿಸಿ ಅಲ್ಲಿ ಮೊದಲೇ ನಿಂತಿರುತ್ತಿದ್ದನು. ಬೆನ್ನನ್ನೇ ಗುರಾಣಿಯಾಗಿಸಿ ರಕ್ಷಕನನ್ನು ಹಿಂದೆ ತಡೆದು, ಒಂದೇ ಸ್ಪರ್ಶದಲ್ಲಿ ಚೆಂಡನ್ನು ಹದಕ್ಕೆ ತಂದುಕೊಳ್ಳುತ್ತಿದ್ದನು.

ಮೊದಲ ಪಂದ್ಯದಲ್ಲಿ ಕ್ಯಾಮರೂನ್ ಹಾಲಿ ವಿಜೇತರಾದ ಅರ್ಜೆಂಟೀನವನ್ನು 1-0ರಿಂದ ಸೋಲಿಸಿ ಎಲ್ಲರನ್ನೂ ಬೆರಗುಗೊಳಿಸಿತು. ಜೂನ್ 14ರಂದು ಬಾರಿ ನಗರದಲ್ಲಿ ರುಮೇನಿಯದ ವಿರುದ್ಧ ಮಿಲ್ಲಾ ಎರಡು ಗೋಲು ಹೊಡೆದನು. ಗೋಲಾದೊಡನೆ ಮೈದಾನದ ಮೂಲೆಯ ಬಾವುಟದ ಬಳಿಗೆ ಓಡಿ, ಒಂದು ಕೈಯನ್ನು ಹೊಟ್ಟೆಯ ಮೇಲಿರಿಸಿ ಸೊಂಟ ಬಳುಕಿಸಿ ಕುಣಿದನು. ಆ ಕುಣಿತವನ್ನು ಲೋಕದ ನಾನಾ ದೇಶಗಳ ಮಕ್ಕಳು ತಮ್ಮ ಬೀದಿಗಳಲ್ಲಿ ಅನುಕರಿಸಿದರು. ಜೂನ್ 23ರಂದು ನೇಪಲ್ಸಿನಲ್ಲಿ ಕೊಲಂಬಿಯ ಎದುರಾಯಿತು. 90 ನಿಮಿಷಗಳಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಹೆಚ್ಚುವರಿ ಅವಧಿಯ 106ನೆಯ ನಿಮಿಷದಲ್ಲಿ ಮಿಲ್ಲಾ ಇಬ್ಬರನ್ನು ದಾಟಿ ಎಡಗಾಲಿನಿಂದ ಗೋಲು ಹೊಡೆದನು. ಕೊಲಂಬಿಯದ ಗೋಲ್‌ಕೀಪರ್ ಹಿಗೀಟಾನಿಗೆ ಗೋಲುಕಂಬಗಳನ್ನು ಬಿಟ್ಟು ಬಹುದೂರ ಮುಂದೆ ಬಂದು ಕಾಲಿನಲ್ಲಿ ಚೆಂಡಾಡುವ ಚಾಳಿ. ಮೂರು ನಿಮಿಷಗಳ ತರುವಾಯ ಅವನು ಹಾಗೆಯೇ ಮುಂದೆ ಬಂದಿದ್ದಾಗ ಮಿಲ್ಲಾ ಅವನ ಕಾಲಿನಿಂದ ಚೆಂಡನ್ನು ಕಸಿದು, ಬರಿದಾಗಿದ್ದ ಬಲೆಯತ್ತ ಉರುಳಿಸಿದನು. ಕ್ಯಾಮರೂನ್ 2-1ರಿಂದ ಗೆದ್ದು, ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ ತಲಪಿದ ಆಫ್ರಿಕದ ಮೊದಲ ತಂಡವೆನಿಸಿತು.

ಜುಲೈ 1ರಂದು ಇಂಗ್ಲೆಂಡಿನೊಡನೆ ಹೋರಾಟ. ಕ್ಯಾಮರೂನಿನ ನಾಲ್ವರು ಆಟಗಾರರು ಆಡದಂತೆ ನಿಷೇಧಿತರಾಗಿದ್ದರು. ಮಿಲ್ಲಾ ಇಳಿದದ್ದು ವಿರಾಮದ ನಂತರ. ಆಗ ಇಂಗ್ಲೆಂಡ್ 1-0ರಿಂದ ಮುಂದಿತ್ತು. ಅವನನ್ನು ಕೆಡವಿದ್ದರಿಂದ ದೊರೆತ ಪೆನಾಲ್ಟಿಯನ್ನು ಕುಂಡೆ ಗೋಲಾಗಿಸಿದನು. ನಾಲ್ಕು ನಿಮಿಷಗಳಲ್ಲಿ ಮಿಲ್ಲಾ ನೀಡಿದ ಚೆಂಡನ್ನು ಎಕೆಕೆ ಬಲೆಗೆ ಸೇರಿಸಿದನು. ಉಳಿದ ಸಮಯವನ್ನು ರಕ್ಷಣೆಯಲ್ಲಿ ಕಳೆದಿದ್ದರೆ ಸೆಮಿಫೈನಲ್ ಅವರದಾಗುತ್ತಿತ್ತೇನೋ. ಆದರೆ ಆ ಉತ್ಸಾಹಿಗಳು ಮುನ್ನುಗ್ಗುವುದನ್ನು ಬಿಡಲಿಲ್ಲ. 83ನೆಯ ನಿಮಿಷದಲ್ಲಿ ಒಂದು, ಹೆಚ್ಚುವರಿ ಅವಧಿಯಲ್ಲಿ ಮತ್ತೊಂದು, ಹೀಗೆ ಎರಡು ಪೆನಾಲ್ಟಿಗಳನ್ನು ಲಿನೆಕರ್ ಗೋಲಾಗಿಸಿದನು. ಇಂಗ್ಲೆಂಡ್ 3-2ರಿಂದ ಗೆದ್ದಿತು. ಆದರೂ ಪಂದ್ಯ ಮುಗಿದ ಮೇಲೆ ಕ್ಯಾಮರೂನಿನ ಆಟಗಾರರು ಮೈದಾನವನ್ನು ಸುತ್ತುತ್ತಿದ್ದಾಗ ಪ್ರೇಕ್ಷಕರು ಚಪ್ಪಾಳೆ ತಟ್ಟಿ ಗೌರವಿಸಿದರು. 1990ರಲ್ಲಿ ಆಫ್ರಿಕಕ್ಕೆ ವಿಶ್ವಕಪ್ಪಿನಲ್ಲಿ ಮೀಸಲಾಗಿದ್ದ ಸ್ಥಾನಗಳು 2. 1994ರಲ್ಲಿ ಅವು 3 ಆದವು, 1998ರಲ್ಲಿ 5 ಆದವು. ಈ ಏರಿಕೆಯಲ್ಲಿ ಆ ತಂಡದ ಪಾಲು ಸಣ್ಣದಲ್ಲ. ಮಿಲ್ಲಾನಿಗೆ 14 ವರ್ಷಗಳ ಅಂತರದ ಮೇಲೆ ಮತ್ತೊಮ್ಮೆ ಆಫ್ರಿಕದ ಶ್ರೇಷ್ಠ ಆಟಗಾರನೆಂಬ ಮನ್ನಣೆ ಸಂದಿತು.

1994ರಲ್ಲಿ ಅಮೆರಿಕದಲ್ಲಿ ನಡೆದ ವಿಶ್ವಕಪ್ಪಿಗೂ ಅವನು ಹೋದನು. ಆಗ ವಯಸ್ಸು 42. ಈ ಸಲ ತಂಡದಲ್ಲಿ ಹಳೆಯ ಕಸುವು ಇರಲಿಲ್ಲ. ಜೂನ್ 28ರಂದು ರಷ್ಯಾದ ವಿರುದ್ಧ ಕ್ಯಾಮರೂನ್ 6-1ರಿಂದ ಸೋತಿತು. ರಷ್ಯಾದ ಸಾಲೆಂಕೊ ಒಬ್ಬನೇ 5 ಗೋಲು ಹೊಡೆದನು. ಕ್ಯಾಮರೂನಿನ ಆ ಒಂದು ಗೋಲು, ವಿರಾಮದ ನಂತರ ಇಳಿದ ಮಿಲ್ಲಾನದು. ವಿಶ್ವಕಪ್ಪಿನಲ್ಲಿ ಆಡಿದ ಅತಿ ಹಿರಿಯನೆಂಬ ಅವನ ದಾಖಲೆಯನ್ನು ಮುಂದೆ 2014ರಲ್ಲಿ ಕೊಲಂಬಿಯದ ಮೊಂಡ್ರಾಗೊನ್, 2018ರಲ್ಲಿ ಈಜಿಪ್ಟಿನ ಎಲ್ ಹದಾರಿ ಮುರಿದರು. ಅವರಿಬ್ಬರೂ ಗೋಲ್‌ಕೀಪರುಗಳು, ಮೈದಾನದ ಉದ್ದಗಲಕ್ಕೆ ಓಡಬೇಕಾದವರಲ್ಲ. ಮಿಲ್ಲಾನಾದರೋ ಅಮೆರಿಕದಿಂದ ಬಂದ ಮೇಲೂ ಆಟವನ್ನು ಬಿಡಲಿಲ್ಲ. ಇಂಡೊನೇಷ್ಯಕ್ಕೆ ಹೋಗಿ ಅಲ್ಲಿನ ಕ್ಲಬ್ಬುಗಳಲ್ಲಿ ಮತ್ತೆ ಕೆಲವು ಕಾಲ ಆಡಿದನು.