ಯುವಿಯೈಟಿಸ್‌ನಿಂದ ಬರುವ ಮ್ಯಾಕ್ಯುಲಾ ಊತ: ಸ್ಟೀರಾಯ್ಡ್ ಕಡ್ಡಿ ಚಿಕಿತ್ಸೆ ಹಾಗೂ ನಂತರದ ನಿಗಾ

ಕಣ್ಣು ಮಂಜಾಯಿತೆಂದರೆ ಪೊರೆ ಬಂದಿರಬೇಕೆಂದು ಭಾವಿಸುವುದು ವಾಡಿಕೆ. ಆದರೆ ದುಡಿಯುವ ವಯಸ್ಸಿನಲ್ಲೇ ದೃಷ್ಟಿಯನ್ನು ಕುಂದಿಸುವ ಇನ್ನೊಂದು ಕಾಯಿಲೆ ಯುವಿಯೈಟಿಸ್. ಇದು ಕಣ್ಣಿನ ನಡುಪದರದ ಉರಿಯೂತ. ಕಣ್ಣು ಕೆಂಪಾಗುವುದು, ನೋವು, ಬೆಳಕನ್ನು ಸಹಿಸಲಾಗದಿರುವುದು, ಕಣ್ಣೆದುರು ಚುಕ್ಕೆಗಳು ತೇಲಿದಂತೆ ಕಾಣುವುದು ಇದರ ಲಕ್ಷಣಗಳು. ಉರಿಯೂತವು ಕಣ್ಣಿನ ಹಿಂಭಾಗದಲ್ಲಿದ್ದರೆ ನೋವಾಗಲಿ ಕೆಂಪಾಗಲಿ ಇಲ್ಲದೆಯೂ ದೃಷ್ಟಿ ಇಳಿಯಬಹುದು. ಇದು ಮುಂದುವರಿದಾಗ ಅಕ್ಷಿಪಟಲದ ಕೇಂದ್ರಭಾಗವಾದ ಮ್ಯಾಕ್ಯುಲಾದಲ್ಲಿ ದ್ರವ ತುಂಬಿ ಊತ ಉಂಟಾಗುತ್ತದೆ. ಓದುವುದು, ಮುಖ ಗುರುತಿಸುವುದು, ಸುಲಿದ ಅಡಿಕೆಯನ್ನು ಆರಿಸುವುದು ಮೊದಲಾದ ಸೂಕ್ಷ್ಮ ನೋಟವೆಲ್ಲ ಈ ಭಾಗವನ್ನೇ ಅವಲಂಬಿಸಿದೆ.

ಈ ಊತಕ್ಕೆ ಈಗ ಲಭ್ಯವಿರುವ ಚಿಕಿತ್ಸೆಗಳಲ್ಲಿ ಕಣ್ಣಿನೊಳಗೆ ಇರಿಸುವ ಸ್ಟೀರಾಯ್ಡ್ ಕಡ್ಡಿಯೂ ಒಂದು. ಡೆಕ್ಸಾಮೆಥಾಸೋನ್ ಕಡ್ಡಿಯು ಸುಮಾರು 6 ಮಿಲಿಮೀಟರ್ ಉದ್ದವಿದ್ದು, 0.7 ಮಿಲಿಗ್ರಾಂ ಔಷಧವನ್ನು ಹೊಂದಿರುತ್ತದೆ. ಸೋಂಕುರಹಿತ ಯುವಿಯೈಟಿಸ್‌ಗೆ ಇದನ್ನು ಬಳಸಲು ಅಮೆರಿಕದಲ್ಲಿ 2010ರಲ್ಲಿ ಅನುಮೋದನೆ ದೊರೆಯಿತು. ಸೂಜಿಯ ಮೂಲಕ ಸೇರಿಸಿದ ಕಡ್ಡಿಯು ಔಷಧವನ್ನು ನಿಧಾನವಾಗಿ ಬಿಡುತ್ತಾ ತಾನೇ ಕರಗಿಹೋಗುತ್ತದೆ. ಪರಿಣಾಮ ಸಾಮಾನ್ಯವಾಗಿ 3ರಿಂದ 6 ತಿಂಗಳು. ಫ್ಲುಯೊಸಿನೊಲೋನ್ ಎಂಬ ಔಷಧದ ಕಡ್ಡಿಗಳು ಸುಮಾರು 3 ವರ್ಷ ಕೆಲಸ ಮಾಡುತ್ತವೆ. ಕಣ್ಣಿನ ಬದಿಗೆ ಕೊಡುವ ಚುಚ್ಚುಮದ್ದಿಗಿಂತ ಕಣ್ಣಿನೊಳಗೆ ನೀಡುವ ಸ್ಟೀರಾಯ್ಡ್ ಊತವನ್ನು ಹೆಚ್ಚು ಇಳಿಸುತ್ತದೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಆದರೆ ಸೋಂಕಿರುವ ಕಣ್ಣಿಗೆ ಈ ಕಡ್ಡಿ ಸಲ್ಲದು. ಕ್ಷಯ, ಇಲಿಜ್ವರ, ಸರ್ಪಸುತ್ತಿನ ವೈರಾಣು ಇವೆಲ್ಲವೂ ಯುವಿಯೈಟಿಸ್‌ಗೆ ಕಾರಣವಾಗಬಲ್ಲವು. 1993ರ ನೆರೆಯ ನಂತರ ತಮಿಳುನಾಡಿನ ಮಧುರೈಯಲ್ಲಿ ಇಲಿಜ್ವರದಿಂದ ಕಣ್ಣಿನ ಉರಿಯೂತಕ್ಕೆ ಒಳಗಾದ ಅನೇಕ ರೋಗಿಗಳು ಪತ್ತೆಯಾಗಿದ್ದರು. ಮಳೆಗಾಲದಲ್ಲಿ ಗದ್ದೆ, ತೋಟಗಳ ಕೆಸರುನೀರಿನಲ್ಲಿ ಬರಿಗಾಲಲ್ಲಿ ದುಡಿಯುವ ಬೆಟ್ಟಂಪಾಡಿಯಂತಹ ಗ್ರಾಮಗಳಿಗೆ ಈ ಸಂಗತಿ ದೂರದ್ದಲ್ಲ. ಜ್ವರ ವಾಸಿಯಾಗಿ ತಿಂಗಳುಗಳ ಬಳಿಕವೂ ಕಣ್ಣಿನ ತೊಂದರೆ ಕಾಣಿಸಬಹುದಾದ್ದರಿಂದ, ಹಿಂದಿನ ಜ್ವರದ ವಿವರವನ್ನು ನೇತ್ರತಜ್ಞರಿಗೆ ತಪ್ಪದೆ ತಿಳಿಸಬೇಕು. ಪೊರೆಯ ಶಸ್ತ್ರಚಿಕಿತ್ಸೆ ಆಗಿದ್ದರೆ ಅದನ್ನೂ ಹೇಳಬೇಕು. ಮಸೂರದ ಹಿಂಪೊರೆ ಹರಿದಿರುವ ಕಣ್ಣಿನಲ್ಲಿ ಕಡ್ಡಿಯು ಮುಂಭಾಗಕ್ಕೆ ಜಾರುವ ಅಪಾಯವಿದೆ.

ಹೆಚ್ಚಿನ ಆತಂಕವಿರುವುದು ನಂತರದ ತಿಂಗಳುಗಳಲ್ಲಿ. ದೃಷ್ಟಿ ಸುಧಾರಿಸಿದೊಡನೆ ಹಲವರು ಮರುಪರೀಕ್ಷೆಯನ್ನು ಕೈಬಿಡುತ್ತಾರೆ. ಪುತ್ತೂರಿಗೆ ಬಂದು ಅಲ್ಲಿಂದ ಮಂಗಳೂರು ತಲುಪಿ ಮರಳುವಷ್ಟರಲ್ಲಿ ಒಂದು ದಿನದ ಕೂಲಿ ಹೋಗುವವರ ವಿಷಯದಲ್ಲಿ ಇದನ್ನು ಬರಿಯ ಅಸಡ್ಡೆಯೆನ್ನಲಾಗದು. ಆದರೆ ಸ್ಟೀರಾಯ್ಡ್‌ನಿಂದ ಕಣ್ಣಿನ ಒತ್ತಡ ಏರುವುದುಂಟು. ಡೆಕ್ಸಾಮೆಥಾಸೋನ್ ಕಡ್ಡಿಯಲ್ಲಿ ಈ ಏರಿಕೆ ಹೆಚ್ಚಾಗಿ 6ರಿಂದ 8 ವಾರಗಳ ಸುಮಾರಿಗೆ ಕಾಣುತ್ತದೆ. ರೋಗಿಗೆ ಇದು ತಿಳಿಯುವುದೇ ಇಲ್ಲ. ಸಕಾಲದಲ್ಲಿ ಗುರುತಿಸಿದರೆ ಬಹುತೇಕ ಹನಿ ಔಷಧದಿಂದಲೇ ಹತೋಟಿಗೆ ಬರುತ್ತದೆ. ಬಿಟ್ಟರೆ ಗ್ಲಾಕೋಮಾ ಉಂಟಾಗಿ ಕಣ್ಣಿನ ನರಕ್ಕೆ ಹಾನಿಯಾಗುತ್ತದೆ, ಹಾಗೆ ಹೋದ ದೃಷ್ಟಿ ಮರಳದು. ಪೊರೆ ಬೇಗ ಬರುವುದೂ ಉಂಟು, ಅದಕ್ಕಾದರೂ ಶಸ್ತ್ರಚಿಕಿತ್ಸೆಯಿದೆ.

ಒತ್ತಡ ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ಕಡ್ಡಿ ಹಾಕಿದ ಆಸ್ಪತ್ರೆಯಲ್ಲೇ ಆಗಬೇಕೆಂದಿಲ್ಲ. ಸಮೀಪದ ನೇತ್ರತಜ್ಞರಲ್ಲಿ ಅದನ್ನು ಮಾಡಿಸಬಹುದೇ ಎಂದು ಚಿಕಿತ್ಸೆ ನೀಡಿದ ವೈದ್ಯರನ್ನು ಕೇಳಿಕೊಳ್ಳುವಂತೆ ಸದಸ್ಯರು ರೋಗಿಯ ಮನೆಯವರಿಗೆ ಸೂಚಿಸಬಹುದು. ಕಡ್ಡಿಯ ಹೆಸರು, ಹಾಕಿದ ದಿನಾಂಕ, ಮುಂದಿನ ತಪಾಸಣೆಯ ದಿನ ಇವುಗಳನ್ನು ಬರೆದ ಚೀಟಿ ಮನೆಯಲ್ಲಿರಲಿ. ರೋಗಿ ಒಪ್ಪಿದರೆ ಅದರ ಪ್ರತಿ ಆಶಾ ಕಾರ್ಯಕರ್ತೆಯರ ಬಳಿಯೂ ಇರಲಿ. ಕಾಸರಗೋಡು ಕಡೆಯ ಆಸ್ಪತ್ರೆಗಳಿಗೂ ಹೋಗುವ ಗಡಿ ಗ್ರಾಮಗಳವರಿಗೆ ಇಂತಹ ಚೀಟಿ ಇನ್ನಷ್ಟು ಅಗತ್ಯ. ಚಿಕಿತ್ಸೆಯು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬರುವುದೇ ಎಂಬುದನ್ನು ದಾಖಲಾಗುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸತಕ್ಕದ್ದು.

ಕಡ್ಡಿ ಹಾಕಿದ ಮುಂದಿನ ದಿನಗಳಲ್ಲಿ ನೋವು, ಕೆಂಪು ಹೆಚ್ಚಿದರೆ ಅಥವಾ ದೃಷ್ಟಿ ಇಳಿದರೆ ಅದು ಕಣ್ಣಿನೊಳಗಿನ ಸೋಂಕಾಗಿರಬಹುದು. ಔಷಧದಂಗಡಿಯ ಹನಿಯನ್ನು ಹಾಕಿ ಕಾಯದೆ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.